ನೆಲ್ಡಾ ‘ಇಲ್ಲ’ ಎಂದು ಗುರುತು ಹಾಕಿದ್ದು

ಗೋಡೆಯ ಮೇಲಿನ ಚೌಕಟ್ಟನ್ನು ಮೊಳೆಯಿಂದ ಬಿಡಿಸಿ ನೇರವಾಗಿ ನನ್ನ ಕಿಟಕಿಗೆ ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೇಬ್ರಿಯ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಕೆಲಸಕ್ಕೆ ಕೂತು ಹದಿನೇಳು ವರ್ಷವಾಯಿತು. ಆರ್ಕನ್ಸಾದ ಈ ಭತ್ತದ ಸೀಮೆಯಲ್ಲಿ ಹಡಗು ಹತ್ತುವ ಆಸೆ ಜನಕ್ಕೆ ಬರುವುದೇ ಅರವತ್ತು ದಾಟಿದ ಮೇಲೆ. ಆಸೆ ಬಂದ ಮರುದಿನವೇ ಓಡಿ ಬರುತ್ತಾರೆ, ಕಂಕುಳಲ್ಲಿ ಚರ್ಚಿನವರು ಕೊಟ್ಟ ಮದುವೆ ಪತ್ರ. ಎರಡು ಪಾರಿವಾಳ, ಚಿನ್ನದ ಬಣ್ಣದ ಮುದ್ರೆ, ಸುತ್ತಲೂ ಗುಲಾಬಿ ಬಳ್ಳಿ. ಅದು ಪಾದ್ರಿ ಪ್ರೀತಿಯಿಂದ ಕೊಟ್ಟ ಚಿತ್ರ, ಅಷ್ಟೆ. ಸರ್ಕಾರಕ್ಕೆ ಬೇಕಾಗಿರುವುದು ಕೌಂಟಿಯ, ಅಂದರೆ ಜಿಲ್ಲಾಡಳಿತದ ಕಚೇರಿಯ ಪುಸ್ತಕದಲ್ಲಿ ಏರಿದ ದಾಖಲೆಯ ನಕಲು. ಎಷ್ಟು ಸಲ ಹೇಳುವುದು, ಯಾರಿಗೆ ಹೇಳುವುದು!

ಹೋದ ಜನವರಿಯಲ್ಲಿ ಹಾಗೇ ಚೌಕಟ್ಟು ಹೊತ್ತು ಬಂದವಳು ನೆಲ್ಡಾ ಪ್ರೂಯಿಟ್. ಅರವತ್ತಾರು ವರ್ಷ, ಎರಡೂ ಮೊಣಕಾಲು ನೋವು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನನ್ನ ಇಬ್ಬರು ಮಕ್ಕಳನ್ನೂ ಹೊತ್ತು ತಿರುಗಿದ್ದಾಳೆ. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವವನನ್ನು ಕನ್ನಡಿಯಲ್ಲೇ ನೋಡಿ ಒಂದು ಮಾತಿನಲ್ಲಿ ಕೂರಿಸುತ್ತಿದ್ದ ಹೆಂಗಸು. ಇಂಥವಳ ಮದುವೆಗೆ ಜೂನ್ ತಿಂಗಳಿಗೆ ನಲವತ್ತೈದು ವರ್ಷ ತುಂಬುತ್ತಿತ್ತು. ಮಗಳು ಕಾರ್ಲಾ ಮಯಾಮಿಯಿಂದ ಏಳು ದಿನದ ಹಡಗಿನ ಪ್ರಯಾಣವನ್ನು ಅಪ್ಪ ಅಮ್ಮನಿಗೆ ಉಡುಗೊರೆ ಕೊಟ್ಟಿದ್ದಳು. ಜೊತೆಗೆ ತಾಕೀತು ಬೇರೆ. ಮೊದಲು ಪಾಸ್‌ಪೋರ್ಟ್ ಮಾಡಿಸಬೇಕು, ಅದು ಬಂದಮೇಲೆ ಗಡಿ ಅಧಿಕಾರಿಗಳ ಹತ್ತಿರ ಬೆರಳಚ್ಚು ಕೊಟ್ಟು ‘ನಂಬಿಗಸ್ತ ಪ್ರಯಾಣಿಕ’ ಎಂಬ ಕಾರ್ಡು ಮಾಡಿಸಬೇಕು. ಅದಿದ್ದರೆ ಅಮ್ಮನ ಮೊಣಕಾಲಿಗೆ ಉದ್ದ ಸಾಲಿನ ಶಿಕ್ಷೆ ತಪ್ಪುತ್ತದೆ.

“ಒಲೀಟಾ, ಬೇಗ ಮುಗಿಸೇ, ಒಲೆ ಮೇಲೆ ಅವರೆಕಾಳು ಇಟ್ಟು ಬಂದಿದೀನಿ,” ಎಂದು ಚೌಕಟ್ಟನ್ನು ಕಿಟಕಿಯೊಳಗೆ ತಳ್ಳಿದಳು.

“ಅವರೆಕಾಳು ಇಳಿಸಿ ಬಾ. ಇದು ನಡೆಯಲ್ಲ.”

“ನಡೆಯಲ್ಲ ಅಂದ್ರೆ? ಪಾದ್ರಿ ಹಾಲಿಸ್ ಸಹಿ ಕಣೇ ಇದು!”

“ಪಾರಿವಾಳ ಇರೋದು ನಡೆಯಲ್ಲ. ನಿನ್ನ ಜನನಪತ್ರದಲ್ಲಿ ನೆಲ್ಡಾ ಕ್ರ್ಯಾಬ್‌ಟ್ರೀ ಅಂತಿದೆ, ಡ್ರೈವಿಂಗ್ ಲೈಸೆನ್ಸಲ್ಲಿ ಪ್ರೂಯಿಟ್ ಅಂತಿದೆ. ಎರಡೂ ನೀನೇ ಅನ್ನೋಕೆ ಕೌಂಟಿ ನಕಲು ಬೇಕು. ಎದುರಿಗೇ ಕೋರ್ಟ್‌ಹೌಸು, ಕೌಂಟಿ ಕಚೇರಿ ಅಲ್ಲೇ. ಹೋಗು, ಹತ್ತು ನಿಮಿಷ.”

ಹತ್ತು ನಿಮಿಷ ಎಂದವಳು ನಾನೇ. ಮುಕ್ಕಾಲು ಗಂಟೆಯಾದ ಮೇಲೆ ನೆಲ್ಡಾ ವಾಪಸು ಬಂದಳು. ಮುಖ ಸುಣ್ಣ ಬಳಿದಂತಿತ್ತು. ನನ್ನ ಮುಂದೆ ಮೂವರು ನಿಂತಿದ್ದರು. ಅವರನ್ನು ದಾಟಿ ಬಂದು ಕಿಟಕಿ ಹಿಡಿದುಕೊಂಡಳು.

“ನಂಗೆ ಮದುವೇನೇ ಆಗಿಲ್ವಂತೆ, ಒಲೀಟಾ.”

ಮೂವರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ಆಮೇಲೆ ಅವಳ ಮುಖ ನೋಡಿ ಟೋಪಿ ತೆಗೆದ.

ನಮ್ಮ ಕಡೆ ಮದುವೆಗೆ ಮುಂಚೆ ಕೌಂಟಿಯಿಂದ ಪರವಾನಗಿ ತರಬೇಕು. ಮದುವೆ ಮಾಡಿಸಿದ ಪಾದ್ರಿ ಅದಕ್ಕೆ ಸಹಿ ಹಾಕಬೇಕು. ಸಹಿಯಾದದ್ದು ಅರವತ್ತು ದಿನದೊಳಗೆ ಕೌಂಟಿಗೆ ವಾಪಸು ಹೋಗಿ ಪುಸ್ತಕಕ್ಕೆ ಏರಬೇಕು. ನೆಲ್ಡಾ ಮತ್ತು ಅವಳ ಗಂಡ ವೆಂಡೆಲ್ ಪರವಾನಗಿ ಪಡೆದದ್ದು ಪುಸ್ತಕದಲ್ಲಿದೆ: ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು, ಜೂನ್ ಏಳು. ವಾಪಸು ಬಂದ ದಿನಾಂಕದ ಜಾಗ ಖಾಲಿ. ನಲವತ್ತೈದು ವರ್ಷದಿಂದ ಖಾಲಿ. ಮೂರು ಹೆರಿಗೆ, ಏಳು ಮೊಮ್ಮಕ್ಕಳು, ಎರಡು ಸಲ ಮನೆ ಕಟ್ಟಿದ್ದು, ಒಂದು ಸಲ ಸುಂಟರಗಾಳಿಗೆ ಮನೆ ಹಾರಿಹೋದದ್ದು, ಎಲ್ಲವೂ ಆ ಖಾಲಿ ಜಾಗದ ಮೇಲೆ ನಡೆದಿತ್ತು.

ವಕೀಲನ ಹತ್ತಿರ ಹೋದಳು. ಆತ ಗಡ್ಡ ಕೆರೆದುಕೊಂಡು, ನ್ಯಾಯಾಧೀಶರು ಮದುವೆಯಾಗಿದೆ ಎಂದರೂ ಎನ್ನಬಹುದು, ಇಲ್ಲವೆಂದರೂ ಎನ್ನಬಹುದು, ಅರ್ಜಿ ಹಾಕಿದರೆ ಒಂದು ವರ್ಷ ಹಿಡಿದೀತು ಎಂದನಂತೆ. ಆಮೇಲೆ ಶುರುವಾಯಿತು ನೋಡಿ ನೆಲ್ಡಾಳ ಕೋಪ. ಎಲ್ಲ ಹೋಗಿ ಬಿದ್ದದ್ದು ಪಾದ್ರಿ ಹಾಲಿಸ್ ಮೇಲೆ. ಆ ಪುಣ್ಯಾತ್ಮ ಸತ್ತು ಇಪ್ಪತ್ತೆರಡು ವರ್ಷ. ಪ್ರತಿ ಮೇ ತಿಂಗಳಲ್ಲಿ ಅವನ ಗೋರಿಗೆ ಹೂವಿಡುತ್ತಿದ್ದವಳು ಇವಳೇ. ಈಗ ಕ್ಷೌರದಂಗಡಿಯಲ್ಲಿ, ದಿನಸಿ ಅಂಗಡಿಯಲ್ಲಿ, ಬುಧವಾರ ರಾತ್ರಿಯ ಪ್ರಾರ್ಥನೆಯಲ್ಲಿ ಸಹ, “ಇಟ್ಟ ಹೂವೆಲ್ಲ ಲೆಕ್ಕ ಹಾಕಿ ವಾಪಸ್ ತರ್ತೀನಿ,” ಎಂದು ಹಾರಾಡತೊಡಗಿದಳು. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಊರು ನಮ್ಮದು. ವಾರದೊಳಗೆ, ಹಾಲಿಸ್ ಮಾಡಿಸಿದ ಮದುವೆಗಳೆಲ್ಲ ಸುಳ್ಳಂತೆ ಎಂದು ಸುದ್ದಿ ಎದ್ದಿತು. ಎಂಬತ್ತು ದಾಟಿದ ಜೋಡಿಗಳು ಕೋಲೂರಿಕೊಂಡು ಕೋರ್ಟ್‌ಹೌಸಿನ ಮೆಟ್ಟಿಲು ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಅವರದೆಲ್ಲ ಸರಿಯಾಗಿಯೇ ಇತ್ತು.

ಇಷ್ಟಾದರೂ ವೆಂಡೆಲ್ ಬಾಯಿ ಬಿಟ್ಟಿರಲಿಲ್ಲ. ಅವನು ಮೊದಲಿನಿಂದಲೂ ಹಾಗೆಯೇ. ಭತ್ತದ ಗಿರಣಿಯಲ್ಲಿ ಮೂವತ್ತೆಂಟು ವರ್ಷ ದುಡಿದವನು, ಧೂಳು ಕುಡಿದು ಕುಡಿದು ಮಾತೇ ಕಮ್ಮಿ. ಹೆಂಡತಿಗೆ ಎದುರಾಡಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ದಿನಾ ಬೆಳಿಗ್ಗೆ ಅವಳು ಏಳುವ ಮೊದಲೇ ಕಾಫಿ ಮಾಡಿ ಮಂಚದ ಪಕ್ಕ ಇಡುತ್ತಾನೆ. ಗಂಡಂದಿರನ್ನು ಬೈಯುವಾಗ ನಾವೆಲ್ಲ, “ವೆಂಡೆಲ್‌ನ ನೋಡಿ ಕಲಿ,” ಎನ್ನುತ್ತಿದ್ದೆವು. ನಾನೂ ಅಂದಿದ್ದೇನೆ, ಸುಳ್ಳೇಕೆ ಹೇಳಲಿ.

ಹನ್ನೊಂದನೆಯ ದಿನ ಇಬ್ಬರೂ ಒಟ್ಟಿಗೆ ಬಂದರು. ಹೆಸರು ರೂಢಿಯಲ್ಲಿದೆ ಎಂದು ಇಬ್ಬರು ಪರಿಚಿತರಿಂದ ಬರೆಸಿ ತಂದರೆ ಪ್ರೂಯಿಟ್ ಹೆಸರಿನಲ್ಲೇ ಪಾಸ್‌ಪೋರ್ಟ್ ಆಗುತ್ತದೆ ಎಂದು ನಾನೇ ಹೇಳಿ ಕಳಿಸಿದ್ದೆ. ನೆಲ್ಡಾ ಆ ಕಾಗದಗಳನ್ನು ತೆಗೆಯುತ್ತಲೇ ಪಾದ್ರಿಯ ಮೇಲೆ ಮತ್ತೆ ಶುರು ಮಾಡಿದಳು.

“ಆ ಮುದುಕನಿಗೆ ಕೋಳಿ ತಿನ್ನೋದು ನೆನಪಿರ್ತಿತ್ತು, ಒಂದು ಕಾಗದ ಕೊಡೋದು...”

“ಹಾಲಿಸ್ ತಪ್ಪಲ್ಲ,” ಎಂದ ವೆಂಡೆಲ್.

ನೆಲ್ಡಾ ತಿರುಗಿದಳು. ವೆಂಡೆಲ್ ಅಂಗಿಯ ಒಳಜೇಬಿನಿಂದ ಒಂದು ಹಳೆಯ ಲಕೋಟೆ ತೆಗೆದು ನನ್ನ ಮುಂದೆ ಇಟ್ಟ, ಅವಳ ಮುಂದೆ ಅಲ್ಲ. ಮೀನು ಹಿಡಿಯುವ ಗಾಳದ ಡಬ್ಬಿಯಲ್ಲಿ ಇಟ್ಟಿದ್ದನಂತೆ, ಆ ವಾಸನೆ ಇತ್ತು. ಒಳಗೆ ಕೌಂಟಿಯ ಪರವಾನಗಿ. ಪಾದ್ರಿ ಹಾಲಿಸ್ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಜೂನ್ ಒಂಬತ್ತು. ಯಾವುದೂ ಕಮ್ಮಿಯಿಲ್ಲ. ಕೊಟ್ಟಿರಲಿಲ್ಲ, ಅಷ್ಟೆ.

“ಪಾದ್ರಿ ಅವತ್ತೇ ಸಹಿ ಮಾಡಿ ನನ್ನ ಕೈಗೆ ಕೊಟ್ರು,” ಎಂದ. “ಸೋಮವಾರ ಗಿರಣಿಗೆ ಹೋಗ್ತಾ ಕೋರ್ಟ್‌ಹೌಸಲ್ಲಿ ಕೊಟ್ಬಿಡು ಮಗನೇ ಅಂದ್ರು. ಹೋದೆ. ಟ್ರಕ್ ನಿಲ್ಲಿಸ್ದೆ. ಇಳೀಲಿಲ್ಲ.”

“ಯಾಕೆ?” ಎಂದಳು ನೆಲ್ಡಾ. ಇಷ್ಟು ಸಣ್ಣ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

“ಇಪ್ಪತ್ತು ವರ್ಷ ನಂಗೆ ಆಗ. ಹೆದರಿಕೆ ಆಯ್ತು. ಇದನ್ನ ಕೊಟ್ಬಿಟ್ರೆ ಮುಗೀತು, ಸಾಯೋತನಕ ಇದೇ ಅನ್ನಿಸ್ತು. ನಾಳೆ ಕೊಡೋಣ ಅಂದ್ಕೊಂಡೆ.”

“ಬಿಟ್ಟುಹೋಗೋಕೆ ದಾರಿ ಇಟ್ಕೊಂಡಿದ್ದೆ ಅನ್ನು.”

“ಮೊದಲನೇ ವರ್ಷ, ಹೌದು. ನಾನು ಹೋಗ್ಬೇಕು ಅನ್ನಿಸಿದ್ರೆ ಇರಲಿ ಅಂತ ಬಚ್ಚಿಟ್ಟೆ.” ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. “ಉಳಿದ ನಲವತ್ನಾಲ್ಕು ವರ್ಷ ಬಚ್ಚಿಟ್ಟಿದ್ದು ಬೇರೆ. ನೀನು ಹೋಗ್ಬಹುದು ಅಂತ ನಿಂಗೆ ಗೊತ್ತಾಗ್ಬಾರ್ದು ಅಂತ.”

ನಾನು ಹದಿನೇಳು ವರ್ಷದಲ್ಲಿ ಆ ಕಿಟಕಿಯಲ್ಲಿ ಏನೇನೋ ಕೇಳಿದ್ದೇನೆ. ಅಪ್ಪನ ಹೆಸರು ಬೇರೆ ಇರುವುದು, ಹುಟ್ಟಿದ ವರ್ಷ ಬೇರೆ ಇರುವುದು. ಇಂಥದ್ದು ಕೇಳಿರಲಿಲ್ಲ. ವೆಂಡೆಲ್ ಕಣೋ ನೀನು, ನಾವು ನಮ್ಮ ಗಂಡಂದಿರಿಗೆ ತೋರಿಸುತ್ತಿದ್ದ ವೆಂಡೆಲ್! ಎಂದು ಕಿರುಚಬೇಕು ಅನ್ನಿಸಿತು. ಸರ್ಕಾರಿ ನೌಕರಿ, ಪರವಾನಗಿಯನ್ನು ಮಡಿಸಿ ಲಕೋಟೆಗೆ ಹಾಕಿದೆ.

ನೆಲ್ಡಾ ಅಳಲಿಲ್ಲ, ಹೊಡೆಯಲಿಲ್ಲ. ರೂಢಿ ಹೆಸರಿನ ಕಾಗದಗಳನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

“ಹೊಸ ಅರ್ಜಿ ಕೊಡು, ಒಲೀಟಾ. ಜನನಪತ್ರದಲ್ಲಿ ಇರೋ ಹೆಸರಲ್ಲೇ ಆಗ್ಲಿ. ಕ್ರ್ಯಾಬ್‌ಟ್ರೀ.”

“ನೆಲ್ಡಾ, ಇವತ್ತು ಮನೆಗೆ ಹೋಗು ಮಾರಾಯ್ತಿ. ನಾಳೆ...”

“ನಾಳೆ ಅಂದ್ಕೊಂಡೋರ ಕಥೆ ಈಗ್ತಾನೆ ಕೇಳಿದೆ. ಅರ್ಜಿ ಕೊಡು.”

ಕೊಟ್ಟೆ. ಅಲ್ಲೇ ನಿಂತು ತುಂಬಿದಳು. ಆ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ನಿಮಗೆ ಎಂದಾದರೂ ಮದುವೆಯಾಗಿದೆಯೇ? ಹೌದು ಎಂಬ ಚೌಕ, ಇಲ್ಲ ಎಂಬ ಚೌಕ. ಪೆನ್ನು ಅಲ್ಲಿ ನಿಂತಿತು. ವೆಂಡೆಲ್ ಅವಳ ಹೆಗಲ ಮೇಲಿಂದ ನೋಡುತ್ತಿದ್ದ. ನೆಲ್ಡಾ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದಳು.

“ಪ್ರಮಾಣ ಮಾಡ್ಬೇಕು ನೀನು, ಯೋಚನೆ ಮಾಡು,” ಎಂದೆ.

“ಕೌಂಟಿ ಪುಸ್ತಕದಲ್ಲಿ ಇಲ್ಲ. ವಕೀಲನಿಗೆ ಗೊತ್ತಿಲ್ಲ. ಇವನಿಗೆ ಮಾತ್ರ ಗೊತ್ತಿತ್ತು, ಇವನ ಪ್ರಕಾರ ಇಲ್ಲ. ನೀನೇ ಹೇಳು, ಆಗಿದೆಯಾ?”

ಅರ್ಜಿದಾರರ ಮದುವೆ ತೀರ್ಮಾನ ಮಾಡುವುದು ನನ್ನ ಕೆಲಸವಲ್ಲ. ಇನ್ನೊಂದು ತೊಡಕಿತ್ತು. ಲೈಸೆನ್ಸು ಪ್ರೂಯಿಟ್ ಹೆಸರಿನಲ್ಲಿ ಇದ್ದುದರಿಂದ, ಈಕೆಯೇ ಕ್ರ್ಯಾಬ್‌ಟ್ರೀ ಎಂದು ಅವಳನ್ನು ಬಲ್ಲ ಒಬ್ಬರು ನನ್ನೆದುರು ಬರೆದುಕೊಟ್ಟು ಪ್ರಮಾಣ ಮಾಡಬೇಕು. ಹಾಗೆಂದೆ. ನೆಲ್ಡಾ ಹಿಂದೆ ತಿರುಗಿಯೂ ನೋಡದೆ ಹೆಬ್ಬೆರಳಿನಿಂದ ತೋರಿಸಿದಳು.

“ಇವನು ಮಾಡ್ಲಿ. ಕ್ರ್ಯಾಬ್‌ಟ್ರೀ ಆಗಿದ್ದಾಗಿಂದ ನೋಡಿದಾನೆ.”

ವೆಂಡೆಲ್ ಬರೆಯತೊಡಗಿದ. ಅರ್ಜಿದಾರರಿಗೂ ನಿಮಗೂ ಏನು ಸಂಬಂಧ ಎಂಬಲ್ಲಿಗೆ ಬಂದಾಗ ತಲೆ ಎತ್ತಿದ.

“ಮಿಸ್ ಒಲೀಟಾ, ಇಲ್ಲಿ ಏನು ಬರೀಲಿ?”

“ಪರಿಚಯ ಅಂತ ಬರಿ,” ಎಂದಳು ನೆಲ್ಡಾ.

ಬರೆದ. ಇಬ್ಬರೂ ನನ್ನ ಮುಂದೆ ಬಲಗೈ ಎತ್ತಿದರು. ಇಬ್ಬರಿಗೂ ನಾನೇ ಪ್ರಮಾಣ ಬೋಧಿಸಿದೆ. ಅವರು ಹೋದಮೇಲೆ ಕಿಟಕಿ ಮುಚ್ಚಿ ಹಿಂದಿನ ಕೋಣೆಯಲ್ಲಿ ಕೂತು ಒಂದು ಲೋಟ ನೀರು ಕುಡಿದೆ.

ಆಮೇಲೆ ಒಂದೇ ಮನೆಯಲ್ಲಿ ಎರಡು ಕೋಣೆ. ಕಾರ್ಲಾ ಫೋನಿನಲ್ಲಿ ಅತ್ತಳು, ಬೇಡಿಕೊಂಡಳು. ಹಡಗಿನವರು ಕಟ್ಟಿದ ಹಣ ವಾಪಸು ಕೊಡುವುದಿಲ್ಲ ಎಂದೂ ಹೇಳಿ ನೋಡಿದಳು. ನೆಲ್ಡಾ, “ನಾನು ಹಡಗು ಹತ್ತೇ ಹತ್ತುತ್ತೀನಿ. ಅವನು ಬರ್ತಾನೋ ಬಿಡ್ತಾನೋ ಜೂನ್ ಹೊತ್ತಿಗೆ ಹೇಳ್ತೀನಿ,” ಎಂದಳು. ಕಾಫಿ ಮಾತ್ರ ದಿನಾ ಅವಳ ಬಾಗಿಲ ಹೊರಗೆ ಬರುತ್ತಿತ್ತು. ಕುಡಿಯುತ್ತಿದ್ದಳು, ಲೋಟ ಅಲ್ಲೇ ಇಡುತ್ತಿದ್ದಳು.

ಏಪ್ರಿಲಿನಲ್ಲಿ ಇಬ್ಬರ ಪಾಸ್‌ಪೋರ್ಟುಗಳೂ ಬಂದವು. ಮೇ ತಿಂಗಳ ಕೊನೆಗೆ ನಂಬಿಗಸ್ತ ಪ್ರಯಾಣಿಕ ಕಾರ್ಡಿನ ಸಂದರ್ಶನ, ಮೂರು ಗಂಟೆ ದೂರದ ವಿಮಾನ ನಿಲ್ದಾಣದಲ್ಲಿ. ವೆಂಡೆಲ್‌ನ ಟ್ರಕ್ ಹತ್ತುವುದಿಲ್ಲ ಎಂದು ಹಠ ಹಿಡಿದು ನನ್ನ ಕಾರಿನಲ್ಲಿ ಕೂತಳು. ಅವನು ಹಿಂದೆಯೇ ಟ್ರಕ್ಕಿನಲ್ಲಿ ಬಂದ. ದಾರಿಯುದ್ದಕ್ಕೂ ಇವಳ ಕಣ್ಣು ಪಕ್ಕದ ಕನ್ನಡಿಯಲ್ಲಿ.

“ಒಲೀಟಾ, ನಲವತ್ತೈದು ವರ್ಷದಲ್ಲಿ ಒಂದು ಸಲ ದನಿ ಎತ್ತಿಲ್ಲ ಅವನು. ಒಳ್ಳೇತನ ಅಂದ್ಕೊಂಡಿದ್ದೆ. ಹೆದರಿಕೆಯಂತೆ! ನಾನು ಬೈದಾಗೆಲ್ಲ, ಎದ್ದು ಹೋಗ್ಬಿಡ್ತಾಳೆ ಅಂತ ಸುಮ್ನಿರ್ತಿದ್ದನಂತೆ. ಹಾಗಾದ್ರೆ ನಾನು ಯಾರ ಜೊತೆ ಸಂಸಾರ ಮಾಡ್ದೆ ಹೇಳು?”

“ನಂಗೇನು ಕೇಳ್ತೀಯ? ನನ್ನ ಗಂಡ ದನಿ ಎತ್ತದ ದಿನವೇ ಇಲ್ಲ.”

ಅವಳು ನಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕನ್ನಡಿಯಲ್ಲಿ ಟ್ರಕ್ ಕಾಣದಾಯಿತು. “ನಿಧಾನ ಮಾಡು,” ಎಂದಳು. ಮತ್ತೆ, “ಇನ್ನೂ ನಿಧಾನ, ಎತ್ತಿನಗಾಡಿ ಹಾಗೆ ಹೋಗು,” ಎಂದಳು. ಪೆಟ್ರೋಲು ಹಾಕಿಸಿಕೊಂಡು ಅವನು ಮತ್ತೆ ಕಾಣಿಸಿದಾಗ, “ಈಗ ಹೋಗು, ಏನು ಹೆಣ ಎಳೆದ ಹಾಗೆ ಓಡಿಸ್ತೀಯಾ,” ಎಂದು ನನಗೇ ಬೈದಳು.

ವಿಳಾಸ ಒಂದೇ ಎಂದು ಅಧಿಕಾರಿ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದನಂತೆ. ಎಂದಾದರೂ ಕಾನೂನು ಮುರಿದಿದ್ದೀರಾ ಎಂದು ಕೇಳಿದ. ಎಲ್ಲರನ್ನೂ ಕೇಳುತ್ತಾರೆ, ಎಲ್ಲರೂ ಇಲ್ಲ ಎನ್ನುತ್ತಾರೆ. ವೆಂಡೆಲ್ ಎದ್ದು ನಿಂತು, “ಹೌದು ಸರ್,” ಎಂದನಂತೆ. ಅಧಿಕಾರಿಯ ಕೈ ಕಂಪ್ಯೂಟರಿನ ಮೇಲೆ ನಿಂತಿತು. ವೆಂಡೆಲ್ ಲಕೋಟೆಯ ಕಥೆಯನ್ನು ಮೊದಲಿನಿಂದ ಕೊನೆಯತನಕ ಒಪ್ಪಿಸಿದ. ಆ ಅಧಿಕಾರಿ ಇಪ್ಪತ್ತೆಂಟರ ಪ್ರಾಯದವನು, ಬೆರಳಿನ ಉಂಗುರ ಇನ್ನೂ ಹೊಸದು. ಪಾಪ, ಕಣ್ಣು ಬಾಯಿ ಬಿಟ್ಟು ಕೂತ. ಆಮೇಲೆ ನೆಲ್ಡಾಳ ಕಡೆ ತಿರುಗಿ, “ನೀವು ಏನಾದ್ರೂ ದೂರು ಕೊಡ್ತೀರಾ ಅಮ್ಮಾ?” ಎಂದು ಕೇಳಿದ.

“ಕೊಡೋದು ಇದೆ. ನಿಮ್ಮ ಹತ್ರ ಅಲ್ಲ,” ಎಂದಳಂತೆ ಇವಳು.

ಇದು ತಮ್ಮ ಇಲಾಖೆಗೆ ಬರುವುದಿಲ್ಲ ಎಂದು ಹೇಳಿ ಅವನು ಇಬ್ಬರ ಬೆರಳಚ್ಚನ್ನೂ ತೆಗೆದುಕೊಂಡ. ಹೊರಗೆ ಬಂದ ನೆಲ್ಡಾ ಕಾರಿನ ಬಾಗಿಲನ್ನು ಧಡಾರನೆ ಹಾಕಿದಳು. “ಸರ್ಕಾರಕ್ಕೆ ಹತ್ತು ನಿಮಿಷದಲ್ಲಿ ಇವನ ಮೇಲೆ ನಂಬಿಕೆ ಬಂತಂತೆ! ಏನು ಸರ್ಕಾರವೋ ಏನು ಕಥೆಯೋ!” ಒಂದು ಮೈಲಿ ಹೋದಮೇಲೆ ಬೇರೆ ದನಿಯಲ್ಲಿ, “ಕೇಳ್ದೇನೇ ಹೇಳ್ಬಿಟ್ಟ ಕಣೇ. ಯಾರೂ ಕೇಳಿರ್ಲಿಲ್ಲ,” ಎಂದಳು.

ಹಡಗಿಗೆ ಎಂಟು ದಿನ ಇರುವಾಗ ವೆಂಡೆಲ್‌ನನ್ನು ಕರೆದುಕೊಂಡು ಹೋಗಿ ಕೌಂಟಿಯಿಂದ ಹೊಸ ಪರವಾನಗಿ ತಂದಳು. ಹಿಂದೆ ಎಷ್ಟು ಮದುವೆ ಎಂದು ಕೇಳಿದ್ದಕ್ಕೆ ಇಬ್ಬರೂ ಸೊನ್ನೆ ಬರೆದರು. ಚರ್ಚಿನ ಅಡುಗೆಮನೆಯಲ್ಲಿ, ಕರಿದ ಮೀನಿನ ವಾಸನೆಯ ನಡುವೆ, ಹೊಸ ಪಾದ್ರಿ ಐದು ನಿಮಿಷದಲ್ಲಿ ಮುಗಿಸಿದ. ನಾನೊಬ್ಬಳು ಸಾಕ್ಷಿ, ಅಲ್ಲೇ ಪಾತ್ರೆ ತೊಳೆಯುತ್ತಿದ್ದವಳು ಇನ್ನೊಬ್ಬಳು. ವೆಂಡೆಲ್ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನನಗೂ ಕಣ್ಣು ಒದ್ದೆಯಾಯಿತು, ಎಲ್ಲ ಸರಿಹೋಯಿತು ಅಂದುಕೊಂಡೆ.

ಪಾದ್ರಿ ಸಹಿ ಹಾಕಿ ಲಕೋಟೆ ಮುಚ್ಚಿ, “ಇದನ್ನ ನಾನೇ ಕೌಂಟಿಗೆ ಕೊಡ್ತೀನಿ,” ಎಂದ. ನೆಲ್ಡಾ ಅವನ ಕೈಯಿಂದ ಕಿತ್ತುಕೊಂಡಳು. ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

“ನಿಂಗೆ ನಲವತ್ತೈದು ವರ್ಷ ಸಿಕ್ತು, ವೆಂಡೆಲ್. ನಂಗೆ ಅರವತ್ತು ದಿನ ಇದೆ.”

ವೆಂಡೆಲ್ ಕಣ್ಣು ಒರೆಸಿಕೊಂಡು, “ಸರಿ ನೆಲ್ಡಾ,” ಎಂದ.

ಹಡಗಿಗೆ ಇಬ್ಬರೂ ಹೋದರು. ನಿಲ್ದಾಣದಲ್ಲಿ ಕ್ರ್ಯಾಬ್‌ಟ್ರೀ ಒಬ್ಬಳು, ಪ್ರೂಯಿಟ್ ಒಬ್ಬ, ಇಬ್ಬರೂ ನಂಬಿಗಸ್ತರು, ಸಾಲಿಲ್ಲದೆ ಒಳಗೆ. ನೀಲಿ ಸಮುದ್ರ, ಬೆಳಗಿನಿಂದ ಸಂಜೆತನಕ ಊಟ, ಮೆಕ್ಸಿಕೋದ ಮರಳು. ಎಲ್ಲ ಫೋಟೋದಲ್ಲಿ ನೋಡಿದೆ. ಯಾವ ಫೋಟೋದಲ್ಲೂ ವೆಂಡೆಲ್ ಸಮುದ್ರ ನೋಡುತ್ತಿಲ್ಲ. ಅವಳ ಕೈಚೀಲ ನೋಡುತ್ತಿದ್ದಾನೆ.

ಜುಲೈ ಕಳೆಯಿತು. ಐವತ್ತೇಳನೆಯ ದಿನ ಊಟದ ಹೊತ್ತಿಗೆ ನೆಲ್ಡಾ ಒಬ್ಬಳೇ ಬಂದಳು. ಕಿಟಕಿಯಲ್ಲಿ ಯಾರೂ ಇರಲಿಲ್ಲ.

“ಕೊಟ್ಟು ಬಂದೆ,” ಎಂದಳು. “ಪುಸ್ತಕಕ್ಕೆ ಏರಿಸಿದ್ದನ್ನ ನಿಂತು ನೋಡ್ದೆ. ಪುಟದ ಮೇಲೆ ಬೆರಳಿಟ್ಟೂ ನೋಡ್ದೆ.”

ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳ ಕೈ ಹಿಡಿದುಕೊಂಡೆ. “ದೇವರು ದೊಡ್ಡವನು! ವೆಂಡೆಲ್ ಏನಂದ?”

“ಅವನಿಗೆ ಹೇಳಿಲ್ಲ. ನೀನೂ ಹೇಳ್ಬೇಡ.”

“ನೆಲ್ಡಾ!”

“ಒಂದು ವರ್ಷ ಹೋಗ್ಲಿ. ಮೊದಲನೇ ವರ್ಷ ಅವನಿಟ್ಕೊಂಡಿದ್ದನಲ್ಲ, ಅದೊಂದು ವರ್ಷ ನಂಗೆ ವಾಪಸ್ ಬೇಕು. ಉಳಿದದ್ದು ಬಿಟ್ಟೆ.”

ಅಷ್ಟು ಹೇಳಿ ಅವಳು ಹೊರಟುಹೋದಳು. ಅರವತ್ತೊಂದನೆಯ ದಿನ ವೆಂಡೆಲ್ ಅಂಚೆಚೀಟಿಗೆ ಬಂದ. ಒಂದೇ ಒಂದು ಹಾಳೆ ಚೀಟಿ. ಚಿಲ್ಲರೆ ತೆಗೆದುಕೊಂಡ ಮೇಲೂ ನಿಂತೇ ಇದ್ದ. ಗಡ್ಡ ಬೋಳಿಸಿದ್ದ, ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ.

“ಮಿಸ್ ಒಲೀಟಾ, ಅರವತ್ತು ದಿನ ನಿನ್ನೆಗೆ ಮುಗೀತು. ಅವಳು ಈ ಕಡೆ ಏನಾದ್ರೂ... ನಿಮಗೇನಾದ್ರೂ ಹೇಳಿದ್ಲಾ?”

ಊರಿಗೆಲ್ಲ ಸತ್ಯದ ಪ್ರಮಾಣ ಬೋಧಿಸುವವಳು ನಾನು. ಅವನ ಮುಖ ನೋಡದೆ, “ನಂಗೇನೂ ಗೊತ್ತಿಲ್ಲ ವೆಂಡೆಲ್,” ಎಂದೆ. ಹೇಳಿದ ಮರುಗಳಿಗೆಯೇ ನಾಚಿಕೆಯಾಯಿತು. ನಿಜ ಹೇಳಿಬಿಡೋಣ ಅನ್ನಿಸಿತು, ಬದಲಿಗೆ ಚಿಲ್ಲರೆಯ ಡಬ್ಬಿ ಮುಚ್ಚಿದೆ.

ಅವನು ತಲೆಯಾಡಿಸಿ ಚೀಟಿಗಳನ್ನು ಜೇಬಿಗೆ ಹಾಕಿಕೊಂಡ.

“ಪರವಾಗಿಲ್ಲ ಬಿಡಿ,” ಎಂದ. “ಇವತ್ತು ಬೆಳಿಗ್ಗೆ ಕಾಫಿ ತಗೊಂಡು ಹೋದಾಗ ಇನ್ನೂ ಮನೇಲೇ ಇದ್ಲು.”